ಸಹಿ ಯಾರದೆಂದು ಗೊತ್ತು, ಹೊತ್ತು ಯಾರದು?

ಕೊಚ್ಚಿಯ ಮಟ್ಟಾಂಚೇರಿಯಲ್ಲಿ ಪರದೇಶಿ ಸಿನಗಾಗಿಗೆ ತಾಗಿದಂತೆ ಒಂದು ಗಡಿಯಾರ ಗೋಪುರವಿದೆ. 1760ರ ಹೊತ್ತಿಗೆ ವರ್ತಕ ಎಝೆಕಿಯೆಲ್ ರಹಬಿ ಕಟ್ಟಿಸಿದ್ದು. ಅದರ ಒಂದು ಮುಖದಲ್ಲಿ ಹೀಬ್ರೂ ಅಂಕೆ, ಒಂದರಲ್ಲಿ ರೋಮನ್, ಅರಮನೆಯತ್ತ ತಿರುಗಿದ ಮುಖದಲ್ಲಿ ಮಲಯಾಳಂ ಅಂಕೆ. ಪ್ರಾರ್ಥನೆಗೆ ಬಂದವನಿಗೂ ಕರಿಮೆಣಸಿನ ವ್ಯಾಪಾರಿಗೂ ರಾಜನಿಗೂ ಅವರವರ ಲಿಪಿ. ಯಂತ್ರ ಮಾತ್ರ ಒಂದೇ. ತಿರುವನಂತಪುರದಲ್ಲಿ ಪದ್ಮನಾಭಸ್ವಾಮಿ ದೇವಸ್ಥಾನದ ಪಕ್ಕದ ಅರಮನೆಯ ಗೋಡೆಯ ಮೇಲೆ ‘ಮೇತ್ತನ್ ಮಣಿ’ ಎಂಬ ಗಡಿಯಾರವಿದೆ. ತಾಸಿಗೊಮ್ಮೆ ಗಡ್ಡದ ಮುಖವೊಂದು ಬಾಯಿ ತೆರೆಯುತ್ತದೆ, ಎರಡು ಟಗರುಗಳು ಬಂದು ಅದರ ಕೆನ್ನೆಗೆ ಗುದ್ದುತ್ತವೆ. ಸ್ವಾತಿ ತಿರುನಾಳ್ ಮಹಾರಾಜರು 1837ರಲ್ಲಿ ಖಗೋಳ ವೀಕ್ಷಣಾಲಯ ಕಟ್ಟಿಸಿ ಜಾನ್ ಕ್ಯಾಲ್ಡೆಕಾಟ್ ಎಂಬವರನ್ನು ಅದರ ಮೇಲೆ ಕೂರಿಸಿದ ಕಾಲದ ಹುಚ್ಚು ಅದು.

ಆಗ ಊರೂರಿಗೆ ಅದರದೇ ಮಧ್ಯಾಹ್ನ. ರೇಖಾಂಶದ ಲೆಕ್ಕ ಹಾಕಿದರೆ ಕೊಚ್ಚಿಯಲ್ಲಿ ಸೂರ್ಯ ನೆತ್ತಿಗೆ ಬರುವುದು ತಿರುವನಂತಪುರಕ್ಕಿಂತ ಎರಡೂಮುಕ್ಕಾಲು ನಿಮಿಷ ತಡವಾಗಿ. ಎರಡು ಗಡಿಯಾರಗಳೂ ಸರಿಯಾಗಿದ್ದರೆ ಒಂದನ್ನೊಂದು ಒಪ್ಪುತ್ತಿರಲಿಲ್ಲ. ನಮ್ಮ ಕಾಸರಗೋಡು ಹೆಚ್ಚುಕಡಿಮೆ 75 ಡಿಗ್ರಿ ರೇಖೆಯ ಮೇಲಿದೆ, ದೇಶದ ಅಧಿಕೃತ ಸಮಯದ ರೇಖೆ 82.5 ಡಿಗ್ರಿ. ಡಿಗ್ರಿಗೆ ನಾಲ್ಕು ನಿಮಿಷದ ಹಾಗೆ ಸರಿಯಾಗಿ ಅರ್ಧ ಗಂಟೆಯ ಅಂತರ. 1906ರ ಜನವರಿ 1ರಂದು ಭಾರತೀಯ ಕಾಲಮಾನ ಜಾರಿಗೆ ಬಂತು. ಅದರ ಲೆಕ್ಕಕ್ಕೆ ನಾವು ನಮ್ಮ ಸೂರ್ಯನಿಗಿಂತ ಅರ್ಧ ಗಂಟೆ ಮುಂದೆ ಊಟಕ್ಕೆ ಕೂರುತ್ತೇವೆ, ಯಾರದೂ ತಕರಾರಿಲ್ಲ. ಗಡಿಯಾರ ಎಷ್ಟು ನಿಖರ ಎನ್ನುವುದಕ್ಕಿಂತ ಅದು ಯಾರ ಮನೆಯೊಳಗಿದೆ ಎನ್ನುವುದು ದೊಡ್ಡ ಪ್ರಶ್ನೆ. ಗೋಪುರದ ಮೇಲಿದ್ದರೆ ಮಾರುವವನೂ ಕೊಳ್ಳುವವನೂ ತಲೆಯೆತ್ತಿ ನೋಡಬಹುದು, ಇಬ್ಬರಲ್ಲಿ ಯಾರಿಗೂ ಮುಳ್ಳು ತಿರುಗಿಸಲು ಕೈ ಎಟುಕುವುದಿಲ್ಲ.

ಈಗ ನಮ್ಮ ಕಾಗದಪತ್ರಗಳ ಗಡಿಯಾರ ಆ ಗೋಪುರದಿಂದ ಇಳಿದು, ಸಹಿ ಹಾಕುವವರ ಮೇಜಿನ ಮೇಲೆ ಕೂತಿದೆ. ಈ ಲೇಖನ ಅದರ ಕುರಿತು.

ಕೆಲವು ವರ್ಷಗಳ ಹಿಂದೆ ನನ್ನ ಕೈಗೆ ಒಂದು ಪಿಡಿಎಫ್ ಬಂತು. ಒಂದು ಕಚೇರಿಯಿಂದ ಡಿಜಿಟಲ್ ಸಹಿಯೊಂದಿಗೆ ಬಂದ ಪ್ರಮಾಣಪತ್ರ. ಬರೆದದ್ದು ಮಲಯಾಳಂನಲ್ಲಿ, ಹಾಗಾಗಿ ಮೊದಲು ಕಣ್ಣಿಗೆ ಬಿದ್ದದ್ದು ಅಂಕೆಗಳು. ಸಹಿಯ ತಾರೀಖು 2002ರ ಜನವರಿ 1. ಅರ್ಜಿ ಹಾಕಿದ್ದು ಅದಾಗಿ ಹದಿನೈದು ವರ್ಷದ ಮೇಲೆ! ಕಾರಣ ಬಹಳ ಸಣ್ಣದು. ಕಂಪ್ಯೂಟರಿನ ಒಳಗೆ ನಾಣ್ಯದಷ್ಟು ಗಾತ್ರದ ಬ್ಯಾಟರಿ ಇರುತ್ತದೆ. ಅದು ಸತ್ತರೆ ಕರೆಂಟು ಹೋಗಿ ಬಂದಾಗಲೆಲ್ಲ ಯಂತ್ರ ತಾನು ಹುಟ್ಟಿದ ದಿನಕ್ಕೆ ಹಿಂದೆ ಸರಿಯುತ್ತದೆ. ಸಹಿಯ ಮೇಲೆ ಒತ್ತಿ ವಿವರ ತೆರೆದಾಗ ಅಕ್ರೊಬ್ಯಾಟ್ ರೀಡರ್ ಪ್ರಾಮಾಣಿಕವಾಗಿ ಒಂದು ಸಾಲು ತೋರಿಸಿತು: ಸಹಿಯ ಸಮಯ, ಸಹಿ ಹಾಕಿದವರ ಕಂಪ್ಯೂಟರಿನ ಗಡಿಯಾರದ್ದು. ನನ್ನ ಕಡತದಲ್ಲಿರುವ ಬೇರೆ ಪಿಡಿಎಫ್‌ಗಳನ್ನೂ ಕುತೂಹಲಕ್ಕೆ ತೆರೆದು ನೋಡಿದೆ. ತಾರೀಖು ತಪ್ಪಿದ್ದು ಅದೊಂದೇ. ಆದರೆ ಈ ಸಾಲು ಬಹುತೇಕ ಎಲ್ಲದರಲ್ಲೂ ಇತ್ತು. ಬೆರಳೆಣಿಕೆಯವುಗಳಲ್ಲಿ ಮಾತ್ರ ಸಹಿಯೊಳಗೆ ಟೈಮ್‌ಸ್ಟಾಂಪ್ ಹುದುಗಿದೆ ಎಂಬ ಬೇರೆ ಸಾಲು. ಓದುಗರು ತಮ್ಮಲ್ಲಿರುವ ಪಿಡಿಎಫ್‌ಗಳಲ್ಲಿ ಇದನ್ನು ನೋಡಿಕೊಳ್ಳಬಹುದು, ಎರಡು ನಿಮಿಷದ ಕೆಲಸ.

ಡಿಜಿಟಲ್ ಸಹಿ ಎರಡು ವಿಷಯ ಹೇಳುತ್ತದೆ, ಗಟ್ಟಿಯಾಗಿಯೇ ಹೇಳುತ್ತದೆ: ಇಂಥವರ ಕೀಲಿಯಿಂದ ಸಹಿ ಬಿದ್ದಿದೆ, ಬಿದ್ದ ಮೇಲೆ ಒಂದಕ್ಷರವೂ ಬದಲಾಗಿಲ್ಲ. ಯಾವಾಗ ಬಿತ್ತು ಎಂಬ ಮೂರನೆಯ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ತಾರೀಖು ಇರುತ್ತದೆ, ಆದರೆ ಅದು ಸಹಿ ಹಾಕಿದವನದೇ ಹೇಳಿಕೆ. ಮದುವೆಯ ಕಾಗದದಲ್ಲಿ ವರ ತಾನೇ ತನ್ನ ವಯಸ್ಸು ಬರೆದ ಹಾಗೆ.

ಹಳೆಯ ಕಾಗದದ ಲೋಕ ಈ ವಿಷಯದಲ್ಲಿ ನಮಗಿಂತ ಹುಷಾರಾಗಿತ್ತು. 1908ರ ನೋಂದಣಿ ಕಾಯ್ದೆಯ 52ನೆಯ ಕಲಮು ಹೇಳುವುದು ಇಷ್ಟು: ದಸ್ತಾವೇಜು ಹಾಜರುಪಡಿಸಿದ ದಿನ, ಗಂಟೆ, ಸ್ಥಳ, ಮೂರನ್ನೂ ಅದರ ಬೆನ್ನಿನ ಮೇಲೆ ಆಗಲೇ ಬರೆಯಬೇಕು. ಗಂಟೆಯನ್ನೂ! ಒಂದೇ ಜಾಗವನ್ನು ಒಬ್ಬ ಇಬ್ಬರಿಗೆ ಮಾರಿದರೆ ಮೊದಲು ಬರೆಸಿಕೊಂಡವನ ಹಕ್ಕು ಮೇಲು ಎಂದು ಆಸ್ತಿ ವರ್ಗಾವಣೆ ಕಾಯ್ದೆಯ 48ನೆಯ ಕಲಮು ಹೇಳುತ್ತದೆ. ‘ಮೊದಲು’ ಎಂಬ ಮಾತಿಗೆ ಸಾಕ್ಷಿ ಬೇಕಲ್ಲ? ಸಬ್‌ರಿಜಿಸ್ಟ್ರಾರ್ ಆ ಸಾಕ್ಷಿ: ಬರೆದುಕೊಟ್ಟವನೂ ಅಲ್ಲ, ಬರೆಸಿಕೊಂಡವನೂ ಅಲ್ಲ. ಹೀಗೆಯೇ ಅಂಚೆಯ ದುಂಡು ಮೊಹರು. ಹೀಗೆಯೇ ಟೆಲಿಗ್ರಾಂ, 2013ರ ಜುಲೈ ತಿಂಗಳಲ್ಲಿ ಅದು ನಿಂತುಹೋಗುವವರೆಗೂ. ಛಾಪಾ ಕಾಗದ ಮಾರುವವನ ಪುಸ್ತಕವೂ ಒಂದು ಗಡಿಯಾರವೇ. ಆ ಗಡಿಯಾರ ಎಷ್ಟು ಸಲ ಕೈಬಿಸಿಗೆ ಹಿಂದೆ ತಿರುಗಿದೆ ಎನ್ನುವುದು ಹಳೆಯ ವಕೀಲರಿಗೆ ಗೊತ್ತು. ಹಳೆ ತಾರೀಖಿನ ಖಾಲಿ ಛಾಪಾ ಕಾಗದಕ್ಕೆ ಯಾವತ್ತೂ ಮುಖಬೆಲೆಗಿಂತ ಹೆಚ್ಚು ಬೆಲೆ.

ಇನ್ನೂ ಹಿಂದಕ್ಕೆ ಹೋದರೆ ನಮ್ಮ ಶಾಸನಗಳು ಸಿಗುತ್ತವೆ. ದಾನ ಕೊಟ್ಟದ್ದು ಸೂರ್ಯಗ್ರಹಣದ ದಿನ ಎಂದು ಕನ್ನಡ ಶಾಸನಗಳು ಹೇಳುವುದು ಪುಣ್ಯದ ಮಾತು, ನಿಜ. ಆದರೆ ಕೊಟ್ಟವನ ಕೈಗೂ ಪಡೆದವನ ಕೈಗೂ ಸಿಗದ, ಸಾವಿರ ವರ್ಷದ ಮೇಲೂ ಲೆಕ್ಕ ಹಾಕಿ ನೋಡಬಹುದಾದ ಗಡಿಯಾರವೂ ಅದೇ. ಶಕವರ್ಷ, ತಿಂಗಳು, ತಿಥಿ, ವಾರ ಎಂದು ನಾಲ್ಕು ಗಂಟು ಹಾಕಿದ್ದರಿಂದ ಸುಳ್ಳು ಹೇಳುವವನು ಎಲ್ಲೋ ಒಂದು ಕಡೆ ಎಡವುತ್ತಿದ್ದ. ತಿಥಿಗೆ ವಾರ ಕೂಡದಿದ್ದರೆ ಶಾಸನಜ್ಞರ ಕಿವಿ ನೆಟ್ಟಗಾಗುತ್ತದೆ. ನಮಗೆ ಪಕ್ಕದ ಮಡಿಕೇರಿಯ ತಾಮ್ರಪಟಗಳು 388ನೆಯ ವರ್ಷದವೆಂದು ಹೇಳಿಕೊಳ್ಳುತ್ತವೆ. ಗಂಗರ ಈ ಬಗೆಯ ಹಲವು ಪಟಗಳು ಆಮೇಲೆ ಹುಟ್ಟಿಸಿದವು ಎಂದು ಶಾಸನತಜ್ಞ ಫ್ಲೀಟ್ ಹಟ ಹಿಡಿದರು, ಬಿ. ಎಲ್. ರೈಸ್ ಅವುಗಳ ಪರ ನಿಂತರು. ಹಿಂದಿನ ತಾರೀಖು ಹಾಕುವ ಚಟ ಕಂಪ್ಯೂಟರ್ ತಂದದ್ದಲ್ಲ.

ಕಂಪ್ಯೂಟರ್ ಲೋಕದಲ್ಲಿ ಇದಕ್ಕೆ ಮೊದಲ ಚೊಕ್ಕ ಉತ್ತರ ಬಂದದ್ದು 1991ರಲ್ಲಿ. ಅಮೆರಿಕದ ಬೆಲ್‌ಕೋರ್ ಪ್ರಯೋಗಾಲಯದ ಸ್ಟುವರ್ಟ್ ಹೇಬರ್ ಮತ್ತು ಸ್ಕಾಟ್ ಸ್ಟೊರ್ನೆಟ್ಟ ಡಿಜಿಟಲ್ ದಾಖಲೆಗೆ ಹೊತ್ತಿನ ಮೊಹರು ಒತ್ತುವುದು ಹೇಗೆಂದು ಬರೆದರು. ಅವರ ಮುಂದಿದ್ದ ತೊಡಕು ಎರಡು. ದಾಖಲೆಯನ್ನು ಸಾಕ್ಷಿಯ ಕೈಗೆ ಕೊಟ್ಟರೆ ಗುಟ್ಟು ಹೋಗುತ್ತದೆ; ಕೊಡದಿದ್ದರೆ ಆತ ಯಾವುದಕ್ಕೆ ಸಾಕ್ಷಿ? ಮೊದಲನೆಯದಕ್ಕೆ ಹ್ಯಾಶ್ ಪರಿಹಾರ ಕೊಟ್ಟಿತು: ಎಷ್ಟೇ ದೊಡ್ಡ ಕಡತವನ್ನೂ ಅರೆದು ತೆಗೆದ ಒಂದು ಚಿಟಿಕೆ ಅಂಕೆ. ಇವತ್ತು ಬಳಕೆಯಲ್ಲಿರುವ ಎಸ್‌ಎಚ್‌ಎ-256ರಲ್ಲಿ ಅದು ಕೇವಲ 32 ಬೈಟು. ಕಡತದ ಒಂದು ಅಲ್ಪವಿರಾಮ ಬದಲಾದರೂ ಚಿಟಿಕೆಯ ಬಣ್ಣ ಪೂರ್ತಿ ಬೇರೆ. ಚಿಟಿಕೆಯಿಂದ ಕಡತವನ್ನು ಮರಳಿ ಹುಟ್ಟಿಸಲು ಬಾರದು. ಎರಡನೆಯ ತೊಡಕು ಸಾಕ್ಷಿಯೇ ಸುಳ್ಳ ಆಗಿಬಿಟ್ಟರೆ ಎನ್ನುವುದು. ಅದಕ್ಕೆ ಅವರು ಒಂದರ ಮೊಹರನ್ನು ಮುಂದಿನದಕ್ಕೆ ಹೆಣೆದರು, ನಡುವೆ ಹೊಸದೊಂದನ್ನು ತುರುಕಲು ಜಾಗ ಇಲ್ಲದ ಹಾಗೆ. ಅವರ ಕಂಪೆನಿ 1995ರಿಂದ ಆ ಸರಪಣಿಯ ತುದಿಯ ಹ್ಯಾಶನ್ನು ವಾರಕ್ಕೊಮ್ಮೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಸಣ್ಣ ಜಾಹೀರಾತಿನ ಪುಟದಲ್ಲಿ ಅಚ್ಚು ಹಾಕಿಸಿತು. ಪತ್ರಿಕೆಯ ಲಕ್ಷಾಂತರ ಪ್ರತಿಗಳನ್ನು ಮನೆಮನೆಗೆ ಹೋಗಿ ತಿದ್ದುವವರುಂಟೇ?

ಈಗ ಎಲ್ಲೆಡೆ ನಡೆಯುವ ಕ್ರಮ ಇದಕ್ಕಿಂತ ಸರಳ. 2001ರ ಆಗಸ್ಟಿನಲ್ಲಿ ಬಂದ ಆರ್‌ಎಫ್‌ಸಿ 3161 ಎಂಬ ಮಾನಕ ಅದು. ಸಹಿ ಹಾಕಿದ ಕೂಡಲೇ ಸಾಫ್ಟ್‌ವೇರ್ ಆ ಸಹಿಯ ಹ್ಯಾಶನ್ನು ಟೈಮ್‌ಸ್ಟಾಂಪ್ ಸಂಸ್ಥೆಯ ಸರ್ವರಿಗೆ ಕಳಿಸುತ್ತದೆ. ಸರ್ವರು ಅದರ ಜೊತೆ ತನ್ನ ಗಡಿಯಾರದ ಹೊತ್ತು, ಒಂದು ಕ್ರಮಸಂಖ್ಯೆ ಸೇರಿಸಿ, ಒಟ್ಟಿಗೆ ತಾನು ಸಹಿ ಹಾಕಿ ವಾಪಸು ಕಳಿಸುತ್ತದೆ. ಬಂದ ಚೀಟಿ ಮೂಲ ಸಹಿಯ ಜೇಬಿನಲ್ಲಿ ಕೂರುತ್ತದೆ. ಕಡತದ ತೂಕ ಕೆಲವು ಕಿಲೋಬೈಟು ಹೆಚ್ಚುತ್ತದೆ ಅಷ್ಟೆ. ನಮ್ಮ ದೇಶದಲ್ಲಿ ಈ ಸೇವೆ ನಡೆಸುವವರು ಕಂಟ್ರೋಲರ್ ಆಫ್ ಸರ್ಟಿಫೈಯಿಂಗ್ ಅಥಾರಿಟೀಸ್, ಅಂದರೆ ಸಿಸಿಎ ಕಚೇರಿಯ ಪರವಾನಗಿ ಪಡೆದ ಸಂಸ್ಥೆಗಳು. ಬೆಂಗಳೂರಿನ ಇಮುದ್ರ ಅವುಗಳಲ್ಲಿ ಒಂದು. ಅವರ ಸರ್ವರಿನ ಹೊತ್ತು ದಿಲ್ಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಹೊತ್ತಿಗೆ ಹೊಂದಿರಬೇಕು. ಅಲ್ಲಿ ಸೀಸಿಯಂ ಪರಮಾಣು ಗಡಿಯಾರಗಳಿವೆ, ಭಾರತೀಯ ಕಾಲಮಾನ ಹುಟ್ಟುವುದು ಆ ಕೋಣೆಗಳಲ್ಲಿ. 2016ರ ಡಿಸೆಂಬರ್ 31ರ ಕೊನೆಗೆ ಜಗತ್ತಿಗೆಲ್ಲ ಒಂದು ಸೆಕೆಂಡು ಕೂಡಿಸಿದಾಗ ನಮ್ಮಲ್ಲಿ ಅದು ಜನವರಿ 1ರ ಬೆಳಿಗ್ಗೆ ಐದೂವರೆಗೆ ಮುಂಚಿನ ಕ್ಷಣದಲ್ಲಿ ಸೇರಿತು. ಆ ಒಂದು ಸೆಕೆಂಡಿನಲ್ಲಿ ಸಹಿ ಹಾಕಿದವರ ಜಾತಕ ಏನಾಯಿತೋ!

ಇಷ್ಟೆಲ್ಲ ಏಕೆ, ತಾರೀಖು ಹೆಚ್ಚುಕಡಿಮೆ ಸರಿಯಿದ್ದರೆ ಸಾಲದೇ ಎಂದು ಕೇಳುವವರಿದ್ದಾರೆ. ಕಚೇರಿಯ ಡ್ರಾಯರ್ ಅವರಿಗೆ ಉತ್ತರ ಕೊಡುತ್ತದೆ. ಡಿಜಿಟಲ್ ಸಹಿಯ ಪ್ರಮಾಣಪತ್ರಕ್ಕೆ, ಕಚೇರಿಗಳಲ್ಲಿ ಡಿಎಸ್‌ಸಿ ಎನ್ನುವುದಕ್ಕೆ, ಆಯುಷ್ಯ ಸಾಮಾನ್ಯವಾಗಿ ಎರಡು ಮೂರು ವರ್ಷ. ಅದು ಪೆನ್‌ಡ್ರೈವಿನಂಥ ಟೋಕನ್‌ನಲ್ಲಿರುತ್ತದೆ. ಅಧಿಕಾರಿ ವರ್ಗವಾಗಿ ಹೋಗುತ್ತಾರೆ, ನಿವೃತ್ತರಾಗುತ್ತಾರೆ. ಟೋಕನ್ ಡ್ರಾಯರಿನಲ್ಲಿ ಉಳಿಯುತ್ತದೆ, ಪಿನ್ ಗುಮಾಸ್ತರಿಗೆ ಬಾಯಿಪಾಠ. ಪ್ರಮಾಣಪತ್ರದ ಅವಧಿ ಮುಗಿದಿದ್ದರೂ ಕಂಪ್ಯೂಟರಿನ ಗಡಿಯಾರವನ್ನು ಎರಡು ವರ್ಷ ಹಿಂದಕ್ಕೆ ಸರಿಸಿ ಸಹಿ ಒತ್ತಿದರೆ ಗಣಿತದ ಪ್ರಕಾರ ಆ ಸಹಿ ನಿಷ್ಕಳಂಕ. ನಿವೃತ್ತಿಯಾದ ಮೇಲೆ ನಿವೃತ್ತಿಗೆ ಮುಂಚೆ ಹಾಕಿದ ಸಹಿ! ಕಾಗದದಲ್ಲಾದರೆ ಶಾಯಿ, ಕಾಗದದ ಬಣ್ಣ, ಕೈಬರಹದ ನಡುಕ ಏನಾದರೂ ಹೇಳೀತು. ಬೈಟುಗಳಿಗೆ ವಯಸ್ಸಾಗುವುದಿಲ್ಲ.

ಇದರ ಮಗ್ಗುಲನ್ನೂ ನೋಡಬೇಕು. 2019ರಲ್ಲಿ ನ್ಯಾಯವಾಗಿ ಸಹಿಯಾದ ಕಾಗದವನ್ನು ಇವತ್ತು ತೆರೆದರೆ ಪ್ರಮಾಣಪತ್ರದ ಅವಧಿ ಮುಗಿದಿದೆ ಎನ್ನುತ್ತದೆ. ಅವಧಿಯೊಳಗೆ ಹಾಕಿದ್ದೇ ಎಂದು ಸಾಧಿಸಲು ಹೊರಗಿನ ಹೊತ್ತು ಬೇಕು. ಕೀಲಿ ಕಳವಾಗಿ ಪ್ರಮಾಣಪತ್ರ ರದ್ದಾದರಂತೂ ರದ್ದಿಗೆ ಮೊದಲಿನ ಒಳ್ಳೆಯ ಸಹಿಗೂ ನಂತರದ ಕಳ್ಳ ಸಹಿಗೂ ಗೆರೆ ಎಳೆಯಲು ಬೇರೆ ದಾರಿಯೇ ಇಲ್ಲ. ಇದು ಪುಸ್ತಕದ ಭಯವಲ್ಲ. 2014ರ ಜುಲೈಯಲ್ಲಿ ರಾಷ್ಟ್ರೀಯ ಮಾಹಿತಿ ಕೇಂದ್ರದ, ಅಂದರೆ ಎನ್‌ಐಸಿಯ, ಪ್ರಮಾಣಪತ್ರ ವಿಭಾಗದಿಂದ ಅನಧಿಕೃತ ಪ್ರಮಾಣಪತ್ರಗಳು ಹೊರಬಿದ್ದದ್ದನ್ನು ಗೂಗಲ್ ಪತ್ತೆ ಹಚ್ಚಿತು. ಮರುದಿನವೇ ಸಿಸಿಎ ಎನ್‌ಐಸಿಯ ಮಧ್ಯಂತರ ಪ್ರಮಾಣಪತ್ರಗಳನ್ನು ರದ್ದು ಮಾಡಿತು. ಹೀಗೆ ಸರಪಣಿಯ ಒಂದು ಕೊಂಡಿ ರಾತ್ರೋರಾತ್ರಿ ಕಳಚಬಹುದು. ಆಧಾರ್ ಒಟಿಪಿಯಿಂದ ಹಾಕುವ ಇಸೈನ್ 2015ರಲ್ಲಿ ಬಂತು. ಅದರ ಪ್ರಮಾಣಪತ್ರದ ಆಯುಷ್ಯ 30 ನಿಮಿಷ, ಕೀಲಿ ಒಂದೇ ಬಳಕೆಗೆ. ಅರ್ಧ ಗಂಟೆ ಮಾತ್ರ ಬದುಕುವ ಪ್ರಮಾಣಪತ್ರದ ಸಹಿಗೆ ಹೊತ್ತಿನ ಸಾಕ್ಷಿ ಇಲ್ಲವೆಂದರೆ ಮುಂದಿನ ವಾರ ಅದನ್ನು ಏನೆಂದು ನಂಬುವುದು? (ಕೇರಳದಲ್ಲಿ ಜಮೀನಿನ ದಸ್ತಾವೇಜಿಗೂ ‘ಆಧಾರಂ’ ಎಂದೇ ಹೆಸರು. ಆಧಾರ್ ತನ್ನಿ ಎಂದರೆ ನಮ್ಮ ಕಡೆಯ ಹಿರಿಯರು ಇವತ್ತಿಗೂ ಕಬ್ಬಿಣದ ಪೆಟ್ಟಿಗೆ ತೆರೆಯುತ್ತಾರೆ.)

ಕಾನೂನು ಎಲ್ಲಿ ನಿಂತಿದೆ? ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಅಕ್ಟೋಬರ್ 17ರಿಂದ ಜಾರಿಯಲ್ಲಿದೆ. ಸಹಿ ಹೇಗಿರಬೇಕೆಂದು ಅದು ಸಾಕಷ್ಟು ಹೇಳುತ್ತದೆ. ಹೊತ್ತಿನ ಬಗ್ಗೆ 13ನೆಯ ಕಲಮಿನಲ್ಲಿ, ಎಲೆಕ್ಟ್ರಾನಿಕ್ ದಾಖಲೆ ಕಳಿಸಿದವನ ಹತೋಟಿ ಮೀರಿದ ಕಂಪ್ಯೂಟರನ್ನು ಹೊಕ್ಕ ಗಳಿಗೆಯೇ ರವಾನೆಯ ಗಳಿಗೆ ಎಂದಿದೆ. ‘ಹತೋಟಿ ಮೀರಿದ’ ಎಂಬ ಮಾತು ನನಗೆ ಬಹಳ ಹಿಡಿಸಿತು; ಹೊತ್ತು ಹುಟ್ಟುವುದು ವಸ್ತು ನಮ್ಮ ಕೈಬಿಟ್ಟ ಮೇಲೆ ಎಂದು ಕರಡು ಬರೆದವರಿಗೆ ಗೊತ್ತಿತ್ತು. ಆದರೆ ಅದು ರವಾನೆಯ ಮಾತು, ಸಹಿಯದ್ದಲ್ಲ. ಸಾಕ್ಷ್ಯದ ಕಾನೂನಿನಲ್ಲಿ ಇನ್ನೊಂದು ಸೋಜಿಗವಿದೆ. ಮೂವತ್ತು ವರ್ಷ ಹಳೆಯ ಕಾಗದದ ಸಹಿ ಅಸಲಿಯೆಂದು ನ್ಯಾಯಾಲಯ ಭಾವಿಸಬಹುದು. ಎಲೆಕ್ಟ್ರಾನಿಕ್ ದಾಖಲೆಗೆ ಆ ಅವಧಿ ಐದೇ ವರ್ಷ. ಸರಿ, ಐದು ವರ್ಷ ಆಯಿತೆಂದು ಹೇಳುವವರು ಯಾರು? ಕಾಗದ ತನ್ನ ವಯಸ್ಸನ್ನು ಮೈಮೇಲೆ ಹೊತ್ತಿರುತ್ತದೆ. ಪಿಡಿಎಫ್ ಹೇಳುವುದು ಯಾರೋ ಅದಕ್ಕೆ ಹೇಳಿಕೊಟ್ಟ ವಯಸ್ಸನ್ನು. ಯುರೋಪಿನ 2014ರ ಇಐಡಿಎಎಸ್ ನಿಯಮ, ಅರ್ಹ ಸಂಸ್ಥೆಯ ಟೈಮ್‌ಸ್ಟಾಂಪಿನ ದಿನ ಮತ್ತು ಸಮಯ ಸರಿಯೆಂದೇ ನ್ಯಾಯಾಲಯ ಭಾವಿಸಬೇಕೆಂದು ನೇರವಾಗಿ ಹೇಳಿಬಿಟ್ಟಿತು. ನಮ್ಮ ಕಾಯ್ದೆಯಲ್ಲೂ ಅಷ್ಟು ನೇರವಾದ ಒಂದು ವಾಕ್ಯ ಬಂದರೆ ಅರ್ಧ ಜಗಳ ಮುಗಿದೀತು.

ಎಲೆಕ್ಟ್ರಾನಿಕ್ ಸಾಕ್ಷ್ಯದ ಬಗ್ಗೆ ದೇಶಕ್ಕೆ ದಾರಿ ತೋರಿದ ಮೊಕದ್ದಮೆ ಹುಟ್ಟಿದ್ದು ಕೇರಳದಲ್ಲೇ. 2011ರ ವಿಧಾನಸಭಾ ಚುನಾವಣೆಯಲ್ಲಿ ಮಲಪ್ಪುರಂ ಜಿಲ್ಲೆಯ ಏರನಾಡ್ ಕ್ಷೇತ್ರದಲ್ಲಿ ಸೋತ ಪಿ. ವಿ. ಅನ್ವರ್, ಗೆದ್ದ ಪಿ. ಕೆ. ಬಶೀರ್ ಅವರ ಮೇಲೆ ಕೊಚ್ಚಿಯ ಹೈಕೋರ್ಟಿಗೆ ಹೋದರು. ಪ್ರಚಾರದ ಹಾಡು, ಭಾಷಣ, ಘೋಷಣೆಗಳ ಸಿಡಿಗಳೇ ಅವರ ಆಯುಧ. ಹೈಕೋರ್ಟಿನಲ್ಲಿ ಗೆಲುವಾಗಲಿಲ್ಲ. 2014ರ ಸೆಪ್ಟೆಂಬರ್ 18ರಂದು ಸುಪ್ರೀಂ ಕೋರ್ಟು, ಸಾಕ್ಷ್ಯ ಕಾಯ್ದೆಯ 65ಬಿ ಕಲಮಿನ ಪ್ರಮಾಣಪತ್ರ ಇಲ್ಲದ ಸಿಡಿ ಸಾಕ್ಷ್ಯವಾಗದು ಎಂದು ಆ ಆಯುಧವನ್ನು ಕೆಳಗಿಡಿಸಿತು. ತೀರ್ಪು ಬರೆದ ನ್ಯಾಯಮೂರ್ತಿ ಕುರಿಯನ್ ಜೋಸೆಫ್ ಕೂಡ ಹಿಂದೆ ಕೊಚ್ಚಿಯ ಹೈಕೋರ್ಟಿನಲ್ಲೇ ಇದ್ದವರು. 2024ರ ಜುಲೈ 1ರಂದು ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ ಇದನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ದು, ಪ್ರಮಾಣಪತ್ರದ ನಮೂನೆಯಲ್ಲೇ ಹ್ಯಾಶ್ ಬರೆಯಬೇಕೆಂದಿತು. ಒಳ್ಳೆಯದೇ. ಆದರೆ ಹ್ಯಾಶ್ ಹೇಳುವುದು ಅದೇ ಕಡತ ಹೌದೋ ಅಲ್ಲವೋ ಎಂದಷ್ಟೇ. ಟೈಮ್‌ಸ್ಟಾಂಪಿನ ಅರ್ಧ ಭಾಗವನ್ನು ಕಾನೂನಿಗೆ ತಂದು ಇನ್ನರ್ಧವನ್ನು ಬಾಗಿಲಾಚೆ ನಿಲ್ಲಿಸಿದ ಹಾಗಾಯಿತು. ಅದೇ ನಮೂನೆಯಲ್ಲಿ ಗುರುತು ಹಾಕಲು ಎಂಡಿ5, ಎಸ್‌ಎಚ್‌ಎ-1 ಎಂಬ ಹಳೆಯ ಹ್ಯಾಶ್ ವಿಧಾನಗಳ ಹೆಸರುಗಳೂ ಇವೆ. ಎರಡೂ ಮುರಿದುಬಿದ್ದ ಬೀಗಗಳು.

ಕೇರಳದ ಆಡಳಿತ ಈ ಕೆಲವು ವರ್ಷಗಳಲ್ಲಿ ಎಷ್ಟು ಬೇಗ ಕಾಗದ ಬಿಟ್ಟಿತೆಂದರೆ ಅಚ್ಚರಿಯಾಗುತ್ತದೆ. ತಿರುವನಂತಪುರದ ಇನ್ಫರ್ಮೇಶನ್ ಕೇರಳ ಮಿಶನ್ ರೂಪಿಸಿದ ಕೆ-ಸ್ಮಾರ್ಟ್ 2024ರ ಜನವರಿ 1ರಂದು ಕೊಚ್ಚಿಯಲ್ಲಿ ಉದ್ಘಾಟನೆಯಾಯಿತು; ಮೊದಲು ನಗರಗಳಿಗೆ, 2025ರ ಏಪ್ರಿಲ್‌ನಲ್ಲಿ ಗ್ರಾಮ ಪಂಚಾಯತುಗಳಿಗೆ. ಜನನ, ಮರಣ, ಮದುವೆ, ಕಟ್ಟಡದ ಪರವಾನಗಿ ಎಲ್ಲ ಅದರಲ್ಲೇ. ಕಟ್ಟಡದ ವಿಷಯದಲ್ಲಿ ತಾರೀಖಿಗೆ ಎಷ್ಟು ಬೆಲೆ ಎಂಬುದು 2023ರಲ್ಲಿ ಮನೆ ಕಟ್ಟಲು ಹೊರಟವರಿಗೆ ನೆನಪಿರಬೇಕು. ಆ ವರ್ಷ ಏಪ್ರಿಲ್ 10ರಿಂದ ಪರವಾನಗಿ ಶುಲ್ಕ ಹಲವು ಪಟ್ಟು ಏರಿತು, ಮರುವರ್ಷ ಮತ್ತೆ ಇಳಿಯಿತು. ಹಿಂದಿನ ವಾರದ ಅರ್ಜಿಗೂ ಮುಂದಿನ ವಾರದ ಅರ್ಜಿಗೂ ನಡುವೆ ಒಂದು ಕೋಣೆಯ ಹೆಂಚಿನ ದುಡ್ಡು.

ಕೊಚ್ಚಿಯ ಹೈಕೋರ್ಟು 2021ರಲ್ಲಿ ಇ-ಫೈಲಿಂಗ್ ನಿಯಮ ತಂದಿತು. ಕೊಚ್ಚಿಗೂ ತಿರುವನಂತಪುರಕ್ಕೂ ನಡುವಿನ ಕೊಲ್ಲಂನಲ್ಲಿ ಚೆಕ್ ಬೌನ್ಸ್ ಪ್ರಕರಣಗಳಿಗೆಂದೇ ಇಪ್ಪತ್ತನಾಲ್ಕು ಗಂಟೆಯ ಆನ್‌ಲೈನ್ ನ್ಯಾಯಾಲಯ 2024ರ ನವೆಂಬರಿನಲ್ಲಿ ಕೆಲಸ ಶುರು ಮಾಡಿತು. ಚೆಕ್ಕಿನ ಕಾನೂನು ಪೂರ್ತಿ ದಿನಗಣನೆ: ಬ್ಯಾಂಕಿನ ಚೀಟಿ ಬಂದ 30 ದಿನದೊಳಗೆ ನೋಟಿಸು, ನೋಟಿಸು ತಲುಪಿದ 15 ದಿನದೊಳಗೆ ಹಣ, ಅದು ತಪ್ಪಿದ ಒಂದು ತಿಂಗಳೊಳಗೆ ದೂರು. ಮೊದಲಾದರೆ ಕೋರ್ಟಿನ ಗಂಟೆ ಐದಕ್ಕೆ ಮುಗಿಯುತ್ತಿತ್ತು. ಬಾಗಿಲೇ ಇಲ್ಲದ ಕೋರ್ಟಿನಲ್ಲಿ ದಿನ ಮುಗಿಯುವುದು ನಡುರಾತ್ರಿ ಸರ್ವರಿನ ಗಡಿಯಾರ ಹೇಳಿದಾಗ. ಸರಕಾರಿ ಟೆಂಡರಿನ ಜಾಲತಾಣ ತನ್ನ ಸರ್ವರಿನ ಹೊತ್ತನ್ನು ಪುಟದಲ್ಲೇ ತೋರಿಸುತ್ತಿರುತ್ತದೆ. ಗುತ್ತಿಗೆದಾರರ ಕಣ್ಣು ಕೊನೆಯ ಗಳಿಗೆಯಲ್ಲಿ ಬೇರೆಲ್ಲೂ ಇರುವುದಿಲ್ಲ.

ಸರ್ವರಿನ ಗಡಿಯಾರ ಗುಮಾಸ್ತರ ಕಂಪ್ಯೂಟರಿನದಕ್ಕಿಂತ ಎಷ್ಟೋ ಮೇಲು. ದೇಶದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ಆದೇಶ ಅಂಥ ಗಡಿಯಾರಗಳನ್ನು ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಹೊತ್ತಿಗೆ ಹೊಂದಿಸಬೇಕೆಂದಿದೆ. 2025ರ ಜನವರಿಯಲ್ಲಿ ಕೇಂದ್ರ ಸರಕಾರ ಭಾರತೀಯ ಕಾಲಮಾನವನ್ನೇ ಕಡ್ಡಾಯ ಮಾಡುವ ಕರಡು ನಿಯಮ ಹೊರಡಿಸಿತು, ಬೆಂಗಳೂರು ಸೇರಿ ಐದು ಪ್ರಯೋಗಾಲಯಗಳಿಂದ ಹೊತ್ತು ಹಂಚುವ ಏರ್ಪಾಡೂ ಅದರ ಜೊತೆಗಿದೆ. ಇವೆಲ್ಲ ನಿಖರತೆಯ ಮಾತು. ನನ್ನ ತಕರಾರು ಬೇರೆ. ನನಗೂ ಸರಕಾರಕ್ಕೂ ವ್ಯಾಜ್ಯವಾದರೆ ಸರಕಾರದ ಸರ್ವರು ಒಂದು ಪಕ್ಷದ ಮನೆಯೊಳಗಿನ ಗಡಿಯಾರ. ಪರಮಾಣು ಗಡಿಯಾರಕ್ಕೇ ಕಟ್ಟಿಹಾಕಿದ್ದರೂ, ದಾಖಲೆಯಲ್ಲಿ ತಾರೀಖಿನ ಅಂಕಣ ತಿದ್ದುವ ಅಧಿಕಾರ ಇರುವ ಒಬ್ಬನಾದರೂ ಅಲ್ಲಿರುತ್ತಾನೆ. ಅದನ್ನು ಕಂಡುಹಿಡಿಯಲು ನನ್ನ ಕೈಯಲ್ಲಿ ಏನಿದೆ? ಹೊರಗಿನ ಸಂಸ್ಥೆಯ ಟೈಮ್‌ಸ್ಟಾಂಪ್ ಚೀಟಿ ನನ್ನ ಪ್ರತಿಯೊಳಗೇ ಇದ್ದರೆ ನಾನು ಯಾವ ಸರ್ವರನ್ನೂ ಬೇಡಬೇಕಾಗಿಲ್ಲ.

ಜಮೀನಿನ ವಿಷಯದಲ್ಲಿ ಇದು ಇನ್ನೂ ಬಿಗಿಯಾಗುತ್ತದೆ. ನೋಂದಣಿ ಇಲಾಖೆಯ ಪರ್ಲ್, ಕಂದಾಯದ ರೆಲಿಸ್, ಸರ್ವೆಯ ಇ-ಮ್ಯಾಪ್ಸ್ ಮೂರನ್ನೂ ಒಂದೇ ಬಾಗಿಲಿಗೆ ತಂದ ‘ಎಂಡೆ ಭೂಮಿ’ ಪೋರ್ಟಲ್ 2024ರ ಅಕ್ಟೋಬರ್ 22ರಂದು ಶುರುವಾಯಿತು. ಮೊದಲ ಪ್ರಯೋಗಕ್ಕೆ ಆರಿಸಿದ್ದು ನಮ್ಮ ಮಂಜೇಶ್ವರ ತಾಲೂಕಿನ ಉಜಾರು ಉಳುವಾರು ಗ್ರಾಮ. ತಿರುವನಂತಪುರದ ಯೋಜನೆ ಕನ್ನಡದ ಗದ್ದೆಯಲ್ಲಿ ಮೊದಲು ಕಾಲಿಟ್ಟದ್ದು ಸಂತೋಷವೇ. 1956ರಲ್ಲಿ ಕೇರಳಕ್ಕೆ ಸೇರಿದ ಬಳಿಕ ಸಾಮಾನ್ಯವಾಗಿ ನಮಗೆ ಕಡೆಯ ಪಂಕ್ತಿ. ಮಾರಾಟ ಆದ ಹೊತ್ತು, ಪೋಕುವರವು, ಅಂದರೆ ಖಾತೆ ಬದಲಾವಣೆ, ಆದ ಹೊತ್ತು, ನಕ್ಷೆಯ ಗೆರೆ ಸರಿದ ಹೊತ್ತು, ಹೀಗೆ ಮೂರು ಇಲಾಖೆಯ ಮೂರು ಹೊತ್ತುಗಳು ಈಗ ಒಂದೇ ಪರದೆಯ ಮೇಲೆ ಬರುತ್ತವೆ. ಮುಂದೊಂದು ದಿನ ಅಣ್ಣತಮ್ಮಂದಿರು ಜಗಳಕ್ಕೆ ನಿಂತಾಗ ಇವುಗಳಲ್ಲಿ ಯಾವುದು ಮೊದಲು ಎಂಬುದೇ ವ್ಯಾಜ್ಯದ ತಿರುಳು.

ಬ್ಲಾಕ್‌ಚೈನ್ ಇದಕ್ಕೆಲ್ಲ ಮದ್ದು ಎನ್ನುವವರು ತಿರುವನಂತಪುರದಲ್ಲೇ ಇದ್ದಾರೆ. ಅಲ್ಲಿನ ಡಿಜಿಟಲ್ ವಿಶ್ವವಿದ್ಯಾಲಯದ ಆಸರೆಯಲ್ಲಿ ಕೇರಳ ಬ್ಲಾಕ್‌ಚೈನ್ ಅಕಾಡೆಮಿ ನಡೆಯುತ್ತಿದೆ. ಬಿಟ್‌ಕಾಯಿನ್ ಹುಟ್ಟಿಸಿದ 2008ರ ಪ್ರಬಂಧ ಹೇಬರ್ ಮತ್ತು ಸ್ಟೊರ್ನೆಟ್ಟರ ಕೆಲಸವನ್ನು ಮೂರು ಸಲ ಹೆಸರಿಸುತ್ತದೆ, ಅಂದರೆ ಬ್ಲಾಕ್‌ಚೈನ್ ಎಂಬುದು ಮೂಲದಲ್ಲಿ ಹೊತ್ತಿನ ಮೊಹರಿನದೇ ಮೊಮ್ಮಗ. ವಂಶ ದೊಡ್ಡದು, ಒಪ್ಪಿದೆ. ಆದರೆ ವರಮಾನದ ಪ್ರಮಾಣಪತ್ರಕ್ಕೆ ಅಷ್ಟು ಸಂಭ್ರಮ ಬೇಡ, ಆರ್‌ಎಫ್‌ಸಿ 3161ರ ಚೀಟಿ ಧಾರಾಳ ಸಾಕು. ಬ್ಲಾಕ್‌ಚೈನಿನ ಕಥೆಯಲ್ಲಿ ನನಗೆ ಬೇಕಾದದ್ದು ಬೇರೊಂದು. ಬಿಟ್‌ಕಾಯಿನ್‌ನ ಮೊಟ್ಟಮೊದಲ ಬ್ಲಾಕಿನೊಳಗೆ 2009ರ ಜನವರಿ 3ರ ಲಂಡನ್ ಟೈಮ್ಸ್ ಪತ್ರಿಕೆಯ ಒಂದು ತಲೆಬರಹವನ್ನು ಹುದುಗಿಸಿದ್ದಾರೆ. ಅದಕ್ಕಿಂತ ಮೊದಲೇ ಇದನ್ನು ಮಾಡಿಟ್ಟಿರಲಿಲ್ಲ ಎನ್ನುವುದಕ್ಕೆ ಅದು ಸಾಕ್ಷಿ. ಟೈಮ್‌ಸ್ಟಾಂಪ್ ಹೇಳಲಾರದ ಮಾತು ಅದೇ. ಈ ಗಳಿಗೆಗೆ ಕಡತ ಇತ್ತು ಎಂದು ಅದು ಹೇಳುತ್ತದೆ. ಆಗಷ್ಟೇ ಹುಟ್ಟಿತೋ, ಹತ್ತು ವರ್ಷ ಪೆಟ್ಟಿಗೆಯಲ್ಲಿ ಮಲಗಿತ್ತೋ ಅದಕ್ಕೆ ತಿಳಿಯದು. ವಕೀಲರು, ಅಧಿಕಾರಿಗಳು ‘ಆಗ ಇತ್ತು’, ‘ಆಗ ಹುಟ್ಟಿತು’ ಎರಡನ್ನೂ ಒಂದೇ ಎಂದು ಮಾತಾಡುವುದನ್ನು ಕೇಳಿದ್ದೇನೆ.

ಇನ್ನು ಬಾಳಿಕೆ. ಪದ್ಮನಾಭಸ್ವಾಮಿ ದೇವಸ್ಥಾನದ ಮತಿಲಗಂ ದಾಖಲೆಗಳು ತಾಳೆಗರಿಯ ಮೇಲಿವೆ. ಗರಿ ಹುಳ ತಿನ್ನುತ್ತದೆ, ಒಡೆಯುತ್ತದೆ. ತಾಳೆಗರಿಯ ಲೋಕದಲ್ಲಿ ಓಲೆ ಉಳಿದದ್ದು ಹಳೆಯದು ಪುಡಿಯಾಗುವ ಮೊದಲು ಯಾರೋ ಹೊಸ ಗರಿಗೆ ಇಳಿಸಿದ್ದರಿಂದ. ಡಿಜಿಟಲ್ ಮೊಹರಿಗೂ ಹುಳ ಹಿಡಿಯುತ್ತದೆ. ಎಸ್‌ಎಚ್‌ಎ-1 ಒಂದು ಕಾಲದಲ್ಲಿ ಕಬ್ಬಿಣದ ಬೀಗ ಎನಿಸಿತ್ತು. 2012ರ ಜನವರಿಯಿಂದ ಸಿಸಿಎ ಅದನ್ನು ಬಿಡಿಸಿ ಎಸ್‌ಎಚ್‌ಎ-2 ಕಡ್ಡಾಯ ಮಾಡಿತು. 2017ರ ಫೆಬ್ರವರಿಯಲ್ಲಿ ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಸಂಶೋಧಕರು ಒಂದೇ ಎಸ್‌ಎಚ್‌ಎ-1 ಹ್ಯಾಶ್ ಬರುವ ಎರಡು ಬೇರೆ ಬೇರೆ ಪಿಡಿಎಫ್‌ಗಳನ್ನು ಮಾಡಿ ತೋರಿಸಿದರು. ಟೈಮ್‌ಸ್ಟಾಂಪ್ ಸಂಸ್ಥೆಯ ಪ್ರಮಾಣಪತ್ರಕ್ಕೂ ಅವಧಿ ಇದೆ. ಆದ್ದರಿಂದ ಹಳೆಯ ಮೊಹರು ಗಟ್ಟಿಯಿರುವಾಗಲೇ ಅದರ ಮೇಲೆ ಹೊಸ ಮೊಹರು ಒತ್ತುತ್ತ ಹೋಗಬೇಕು, ಗರಿಯಿಂದ ಗರಿಗೆ ಇಳಿಸಿದ ಹಾಗೆ. ಇದಕ್ಕೂ ಮಾನಕಗಳಿವೆ, ಪಿಡಿಎಫ್‌ಗೆ ದೀರ್ಘಾವಧಿ ಸಹಿಯ ವಿಧಾನ 2009ರಿಂದಲೇ ಇದೆ. ನೂರು ವರ್ಷ ನಿಲ್ಲಬೇಕಾದ ಜಮೀನಿನ ದಾಖಲೆಗೆ ಇದನ್ನು ಮಾಡುವವರು ಯಾರು, ಯಾವ ಇಲಾಖೆಯ ಯಾವ ಹುದ್ದೆ? ತಾಳೆಗರಿಗೆ ಬರೆಹಗಾರರಿದ್ದರು, ಸಂಬಳವಿತ್ತು.

ಅಡ್ಡಿಗಳಿಲ್ಲವೆಂದಲ್ಲ. ಚೀಟಿ ಬರಲು ಸಹಿಯ ಗಳಿಗೆಯಲ್ಲಿ ನೆಟ್ಟು ಬೇಕು. ಗಾಳಿ ಮಳೆಗೆ ಗುಡ್ಡದ ಮೇಲಿನ ವಿಲೇಜ್ ಆಫೀಸಿನಲ್ಲಿ ಲೈನು ಹೋದರೆ ಸಹಿ ಹಾಕುವುದೋ ಬಿಡುವುದೋ? 2023ರ ಜೂನ್ 5ರಂದು ಉದ್ಘಾಟನೆಯಾದ ರಾಜ್ಯದ ಇಂಟರ್ನೆಟ್ ಜಾಲ ಕೆ-ಫೋನ್ ಈ ತೊಂದರೆಯನ್ನು ಕಡಿಮೆ ಮಾಡಬೇಕು. ಪುಕ್ಕಟೆ ಟೈಮ್‌ಸ್ಟಾಂಪ್ ಕೊಡುವ ವಿದೇಶಿ ಸರ್ವರುಗಳೂ ಇವೆ, ಗಣಿತ ಅವುಗಳದ್ದೂ ಸರಿಯೇ. ಆದರೆ ಅವು ಸಿಸಿಎ ಪರವಾನಗಿಯ ನೆರಳಲ್ಲಿಲ್ಲ. ಸರಕಾರಿ ಕಚೇರಿಗೆ ಅದು ಹೊಂದದು. ಖರ್ಚು ಈ ಲೆಕ್ಕದಲ್ಲಿ ದೊಡ್ಡ ಮಾತೇ ಅಲ್ಲ.

ದೊಡ್ಡ ಅಡ್ಡಿ ಅಕ್ಷಯ ಕೇಂದ್ರದ ಪ್ರಿಂಟರು. 2002ರ ನವೆಂಬರಿನಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಉದ್ಘಾಟಿಸಿದ ಆ ಯೋಜನೆಯ, ಸರಕಾರಿ ಅರ್ಜಿ ಪ್ರಮಾಣಪತ್ರಗಳ ಕೆಲಸ ಮಾಡಿಕೊಡುವ ಕೇಂದ್ರಗಳು ಈಗ ನಮ್ಮ ಪ್ರತಿ ಪೇಟೆಯಲ್ಲೂ ಇವೆ, ಅವಿಲ್ಲದೆ ನಮಗೆ ಒಂದು ದಿನ ಸಾಗದು. ಹೋದ ಮಳೆಗಾಲದಲ್ಲಿ ಪಕ್ಕದ ಮನೆಯ ಅಜ್ಜಿಯ ಜೊತೆ ಹೋಗಿದ್ದೆ. ಹುಡುಗ ಪಿಡಿಎಫ್ ತೆರೆದ, ಸಹಿಯ ಜಾಗದಲ್ಲಿ ಹಳದಿ ಪ್ರಶ್ನಾರ್ಥಕ ಚಿಹ್ನೆ ಬಂತು, ಅವನು ಎರಡು ಸಲ ಒತ್ತಿ ಅದನ್ನು ಹಸಿರು ಗುರುತು ಮಾಡಿದ. ಆಮೇಲೆ ಪ್ರಿಂಟು ತೆಗೆದ. ಕೀಲಿ, ಹ್ಯಾಶ್, ಇದ್ದರೆ ಹೊತ್ತಿನ ಚೀಟಿ, ಎಲ್ಲ ಅಲ್ಲೇ ಉಳಿದವು. ಕಾಗದಕ್ಕೆ ಬಂದದ್ದು ಆ ಹಸಿರು ಗುರುತಿನ ಚಿತ್ರ, ಅದೂ ಅವನ ಪ್ರಿಂಟರಿನಲ್ಲಿ ಕಪ್ಪು. ಕಡತವನ್ನು ನನ್ನ ಫೋನಿಗೆ ಕಳಿಸು ಎಂದೆ. ‘ಪ್ರಿಂಟು ಕೊಟ್ಟೆನಲ್ಲ, ಸಾರ್? ಫೈಲೆಲ್ಲ ನಾವು ಸಂಜೆಗೆ ಡಿಲೀಟ್ ಮಾಡ್ತೇವೆ’ ಎಂದ. ಅಜ್ಜಿ ಅಷ್ಟರಲ್ಲಿ ಕಾಗದವನ್ನು ಲ್ಯಾಮಿನೇಶನ್ ಯಂತ್ರದ ಕಡೆ ಚಾಚಿ ಆಗಿತ್ತು.